ಬಲಗಡೆಯ ನೆಗ್ಗು

ಮೊನ್ನೆ ಮಗನ ಜೊತೆ ಒಂದು ಅಂಗಡಿಗೆ ಹೋಗಿದ್ದೆ. ಬೆನ್ನಿಗೆ ಚೀಲ ಹಾಕಿಕೊಂಡು ಗುಡ್ಡ ಹತ್ತುವವರಿಗೆ ಸಾಮಾನು ಮಾರುವ ಅಂಗಡಿ. ಗಾಜಿನ ಬಾಗಿಲು, ಒಳಗೆ ತಣ್ಣನೆಯ ಗಾಳಿ, ಗೋಡೆ ತುಂಬ ದೀಪ. ಮಗನಿಗೆ ಇದು ಮೊದಲ ಪ್ರಯಾಣ, ಅಡಿಗೆಗೆ ಒಂದು ಚಿಕ್ಕ ಪಾತ್ರೆ ಬೇಕಾಗಿತ್ತು. ಮಾರುವವನು ಮೊಟ್ಟೆ ಹಿಡಿದ ಹಾಗೆ ಎರಡೇ ಬೆರಳಲ್ಲಿ ಒಂದು ಪಾತ್ರೆ ಎತ್ತಿ ತೋರಿಸಿ, "ಟೈಟಾನಿಯಂ ಮೇಡಂ, ಹಗುರ ಅಂದ್ರೆ ಹಗುರ" ಎಂದ. ಬೆಲೆ ಕೇಳಿದ ಮೇಲೆ ಹಗುರಾಗುವುದು ನಮ್ಮ ಜೇಬು ಎಂದು ಗೊತ್ತಾಯಿತು. ನಾನು ಪಾತ್ರೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸುರಿಯೋದು ಯಾವ ಕಡೆಯಿಂದಪ್ಪ?" ಎಂದೆ.

"ಯಾವ ಕಡೆಯಿಂದ ಬೇಕಾದ್ರೂ ಸುರೀಬಹುದು ಮೇಡಂ."

"ಹಾಗಿದ್ರೆ ಎಲ್ಲಾ ಕಡೆಯಿಂದಲೂ ಚೆಲ್ಲುತ್ತೆ ಅನ್ನು."

ಮಗ ನನ್ನ ತೋಳು ಹಿಡಿದು ಆಚೆ ಎಳೆದುಕೊಂಡು ಬಂದ. "ಎಲ್ಲಿ ಹೋದ್ರೂ ನಿನ್ನ ಮಾವನ್ನ ಜೊತೇಲಿ ಕರ್ಕೊಂಡು ಬರ್ತೀಯಲ್ಲಮ್ಮ!" ಎಂದು ರೇಗಿದ. ರೇಗಲಿ. ಮಾವ ತೀರಿಕೊಂಡು ಎಷ್ಟು ವರ್ಷವಾಯಿತೋ, ಪಾತ್ರೆ ಅಂಗಡಿಯ ಮುಂದೆ ನಿಂತರೆ ಇವತ್ತಿಗೂ ಅವನು ನನ್ನ ಪಕ್ಕದಲ್ಲಿ ನಿಂತು ಮೂಗು ಮುರಿಯುತ್ತಾನೆ. ನಾನೇನು ಮಾಡಲಿ?

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಅಮ್ಮನಿಗೆ ದೂರದ ಊರಲ್ಲಿ ಕೆಲಸವಾದ್ದರಿಂದ ನಾನು ಬೆಳೆದದ್ದೆಲ್ಲ ಅವನ ಮನೆಯಲ್ಲಿ. ಊರಿಗೆಲ್ಲ ಅವನು 'ನೆಗ್ಗು ಮಾವ'. ಮೊದಲು ಒಂದು ಪಾತ್ರೆ ಕಾರ್ಖಾನೆಯಲ್ಲಿದ್ದ. ತಯಾರಾದ ಪಾತ್ರೆ ಸಾಗಿಸುವಾಗ ಬಿದ್ದು ತಗ್ಗಾದರೆ, ಆ ನೆಗ್ಗನ್ನು ಒಳಗಿನಿಂದ ಮರದ ಕೊಡತಿಯಲ್ಲಿ ತಟ್ಟಿ ತಟ್ಟಿ ತೆಗೆಯುವುದು ಅವನ ಕೆಲಸ. ಕಾರ್ಖಾನೆ ಮುಚ್ಚಿದಾಗ ಬಾಕಿ ಸಂಬಳದ ಬದಲು ಅವನಿಗೆ ಸಿಕ್ಕಿದ್ದು ಒಂದು ಗಾಡಿ ತುಂಬ ಸೊಟ್ಟ ಅಲ್ಯೂಮಿನಿಯಂ ಪಾತ್ರೆ. ಅತ್ತೆ ಬಾಗಿಲಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತು, "ಇಷ್ಟರಲ್ಲಿ ಬೇಯಿಸೋಕೆ ಅಕ್ಕಿ ಎಲ್ಲಿದೆ?" ಎಂದಳಂತೆ.

ನಮ್ಮ ಮನೆ ಬಸ್ ನಿಲ್ದಾಣದ ಎದುರಿಗಿತ್ತು. ಗುಡ್ಡದ ಕಡೆ ಹೋಗುವ ಬಸ್ಸು ಹೊರಡುವುದು ಅಲ್ಲಿಂದಲೇ. ವಾರದ ಕೊನೆ ಬಂತೆಂದರೆ ಚೀಲ ಹೊತ್ತ ಹುಡುಗ ಹುಡುಗಿಯರು ಗುಂಪು ಗುಂಪಾಗಿ ಬಂದು ನಿಲ್ಲುತ್ತಿದ್ದರು. ಅರ್ಧದಷ್ಟು ಜನ ಅಮ್ಮನ ಅಡಿಗೆಮನೆಯನ್ನೇ ಕಿತ್ತುಕೊಂಡು ಬಂದಿರುತ್ತಿದ್ದರು. ಒಬ್ಬನಂತೂ ಪ್ರೆಶರ್ ಕುಕ್ಕರನ್ನು ಚೀಲಕ್ಕೆ ಕಟ್ಟಿಕೊಂಡಿದ್ದ. ಮಾವ ಅವನನ್ನು ಕರೆದು, "ಇದನ್ನ ನೀನು ಹೊತ್ಕೊಂಡು ಹೋಗ್ತೀಯ ಸರಿ, ವಾಪಸ್ ಬರೋವಾಗ ನಿನ್ನನ್ನ ಹೊತ್ಕೊಂಡು ಬರೋರು ಯಾರು?" ಎಂದು ಕೇಳಿ, ಕುಕ್ಕರ್ ಇಟ್ಟುಕೊಂಡು ಒಂದು ಸೊಟ್ಟ ಪಾತ್ರೆ ಕೊಟ್ಟು ಕಳಿಸಿದ. ಹಾಗೆ ಅಂಗಡಿ ಶುರುವಾಯಿತು. ಮಹಡಿಯಲ್ಲಿ ಮನೆ, ಕೆಳಗಿನ ಕೋಣೆಯಲ್ಲಿ ಅಂಗಡಿ. ಆ ಕುಕ್ಕರಿನ ಒಡೆಯ ಬಂದು ಅದನ್ನು ಕೇಳಲೇ ಇಲ್ಲ. ಅತ್ತೆ ಕೊನೆಯವರೆಗೂ ಅದರಲ್ಲೇ ಬೇಳೆ ಬೇಯಿಸಿದಳು.

ಆ ಸೊಟ್ಟ ಪಾತ್ರೆಯ ಹುಡುಗ ವಾಪಸ್ ಬಂದು ಹೇಳಿದ ಮಾತೇ ಮಾವನಿಗೆ ದಾರಿ ತೋರಿಸಿದ್ದು. ಪಾತ್ರೆಯ ಬಾಯಿಯಲ್ಲಿ ಒಂದು ನೆಗ್ಗು ಇತ್ತು, ಚಹಾ ಸುರಿದರೆ ಅದರ ಮೂಲಕ ಒಂದು ಹನಿ ಚೆಲ್ಲದೆ ಲೋಟಕ್ಕೆ ಇಳಿಯುತ್ತಿತ್ತಂತೆ. ಅವತ್ತಿನಿಂದ ಮಾವ ಪ್ರತಿ ಪಾತ್ರೆಯ ಬಾಯಿಗೂ ತಾನೇ ಒಂದು ನೆಗ್ಗು ಹೊಡೆಯತೊಡಗಿದ. ಬಲಗೈಯಲ್ಲಿ ಹಿಡಿ ಹಿಡಿದುಕೊಂಡರೆ ಪಾತ್ರೆ ವಾಲುವುದು ಎಡಕ್ಕೆ. ಹಾಗಾಗಿ ನೆಗ್ಗು ಯಾವಾಗಲೂ ಹಿಡಿಯ ಎಡಗಡೆ. ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ನೆಗ್ಗು ತೆಗೆದವನು ಅಂಗಡಿಯಲ್ಲಿ ಕೂತು ನೆಗ್ಗು ಹಾಕುತ್ತಿದ್ದ. "ನೆಟ್ಟಗಿರೋದನ್ನ ಸೊಟ್ಟ ಮಾಡಿ ಮಾರೋ ಗಂಡ ನನಗೊಬ್ಬಳಿಗೇ ಸಿಕ್ಕಿದ್ದು" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು. ಆ ಮಾತಿನಲ್ಲಿ ಹೆಮ್ಮೆಯೇ ಜಾಸ್ತಿ.

ಪಾತ್ರೆಯ ಜೊತೆಗೆ ಉಳಿದದ್ದೂ ಬಂತು. ಖಾಲಿ ಹಾಲಿನಪುಡಿ ಡಬ್ಬಿಗೆ ಬುಡದಲ್ಲಿ ತೂತು ಕೊರೆದು ಒಲೆ. ಒಣ ಕಡ್ಡಿ ತುರುಕಿ ಹಚ್ಚಿದರೆ ಆಯಿತು, ಎಣ್ಣೆಯೂ ಬೇಡ, ಗ್ಯಾಸೂ ಬೇಡ. ಗಾಳಿಗೆ ಅಡ್ಡ ನಿಲ್ಲಿಸುವುದಕ್ಕೆ ಒಂದು ತೆಳು ತಗಡಿನ ಪಟ್ಟಿ, ಅದಕ್ಕೆ ಅವನು 'ಬೇಲಿ' ಎನ್ನುತ್ತಿದ್ದ. ಬಿಸ್ಕತ್ತಿನ ಡಬ್ಬದ ಮುಚ್ಚಳವೇ ಪಾತ್ರೆಗೆ ಮುಚ್ಚಳ. ಬೇಲಿ ಸುರುಳಿಯಾಗಿ ಒಲೆಯೊಳಗೆ, ಒಲೆ ಪಾತ್ರೆಯೊಳಗೆ, ಚಮಚ ಅದರ ಸಂದಿಯಲ್ಲಿ, ಮೇಲೊಂದು ಮುಚ್ಚಳ. ಎಲ್ಲವೂ ಸೇರಿ ಅತ್ತೆ ಹಳೇ ಪ್ಯಾಂಟಿನ ಬಟ್ಟೆಯಲ್ಲಿ ಹೊಲಿದ ಚೀಲದೊಳಗೆ. ಈ ಇಡೀ ಜೋಡಣೆಗೆ ಮಾವ ಇಟ್ಟ ಹೆಸರು 'ಸಂಸಾರ'. ಚೀಲವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಸದ್ದು ಬಂದರೆ ಬಿಚ್ಚಿ ಮತ್ತೆ ಜೋಡಿಸುತ್ತಿದ್ದ. "ಒಂದರೊಳಗೊಂದು ಹೊಂದ್ಕೊಂಡು ಕೂರಬೇಕು. ಲೊಟಲೊಟ ಅಂದ್ರೆ ಅದು ಸಂಸಾರ ಅಲ್ಲ, ಸಂತೆ."

ಮೀಸೆ ಚಿಗುರದ ಹುಡುಗರು ಬಂದು, "ಮಾವ, ನನಗೊಂದು ಸಂಸಾರ ಕೊಡಿ" ಎಂದು ಕೇಳುವುದು, ಅತ್ತೆ ಮಹಡಿಯಿಂದ, "ಮೊದಲು ನಿಮ್ಮಪ್ಪನ್ನ ಕೇಳ್ಕೊಂಡು ಬಾರೋ!" ಎಂದು ಕೂಗುವುದು, ಬೀದಿಯೆಲ್ಲ ನಗುವುದು. ಆ ನಗು ಈಗ ಎಲ್ಲಿ ಹೋಯಿತು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ದುಡ್ಡು ಕೊಟ್ಟ ಮಾತ್ರಕ್ಕೆ ಸಂಸಾರ ಕೈಗೆ ಬರುತ್ತಿರಲಿಲ್ಲ, ಪರೀಕ್ಷೆಯಿತ್ತು. ಅಂಗಡಿ ಮುಂದಿನ ಕಟ್ಟೆಯ ಮೇಲೆ ಒಲೆ ಹಚ್ಚಿ ನೀರು ಕುದಿಸಬೇಕು. ಎದುರಿಗೆ ಮಾವ ತನ್ನ ಹಳೇ ಟೇಬಲ್ ಫ್ಯಾನು ಇಟ್ಟು ಜೋರಾಗಿ ತಿರುಗಿಸುತ್ತಿದ್ದ. "ಇದು ಗುಡ್ಡದ ಗಾಳಿ" ಎನ್ನುತ್ತಿದ್ದ. ಹೊಸಬರು ಡಬ್ಬಿಗೆ ಕಡ್ಡಿ ತುರುಕಿ ತುರುಕಿ ಬೆಂಕಿಯ ಉಸಿರು ಕಟ್ಟಿಸುತ್ತಿದ್ದರು. ಬೇಲಿಯನ್ನು ತಿರುಗಾಮುರುಗಾ ನಿಲ್ಲಿಸಿ ಹೊಗೆಯನ್ನೆಲ್ಲ ತಮ್ಮ ಮುಖಕ್ಕೇ ತಂದುಕೊಳ್ಳುತ್ತಿದ್ದರು. ಪಕ್ಕದ ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಆಚೆ ಬಂದು, "ಮಾವ, ನಾನು ಗಡ್ಡಕ್ಕೆ ಹಚ್ಚೋದು ಬಿಳೀ ಸೋಪು. ಬೋಳಿಸೋ ಹೊತ್ತಿಗೆ ಕರ್ರಗಾಗಿರುತ್ತೆ" ಎಂದು ಗೋಳಾಡುತ್ತಿದ್ದ. ನೀರು ಕುದಿಯುವವರೆಗೂ ಮಾವ ಯಾರನ್ನೂ ಬಿಡುತ್ತಿರಲಿಲ್ಲ. ಎಷ್ಟು ಜನರ ಬಸ್ಸು ತಪ್ಪಿಸಿದನೋ!

ಇನ್ನೊಂದು ಕಟ್ಟಳೆ ಇದಕ್ಕಿಂತ ವಿಚಿತ್ರ. ಗುಡ್ಡದಿಂದ ಇಳಿದ ಮೇಲೆ ಪಾತ್ರೆಯನ್ನು ಅವನಿಗೆ ತಂದು ತೋರಿಸಬೇಕು, ಅದೂ ತೊಳೆಯದೆ. "ತೊಳೀಬೇಡ, ಹಾಗೇ ತಾ" ಎನ್ನುವುದು ಅವನ ಬಾಯಿಯಲ್ಲಿ 'ನಮಸ್ಕಾರ' ಇದ್ದ ಹಾಗೆ. ಹಾಗೆ ತಂದವರಿಗೆ ರಿಪೇರಿ ಪುಕ್ಕಟೆ. ತೊಳೆದು ಹೊಳಪು ಮಾಡಿ ತಂದವರನ್ನು ಕಂಡರೆ ಅವನಿಗೆ ಎಲ್ಲಿಲ್ಲದ ಸಿಟ್ಟು. ಮಸಿ ಹಿಡಿದ ಪಾತ್ರೆಯನ್ನು ಬೆಳಕಿಗೆ ಹಿಡಿದು ಓದುತ್ತಿದ್ದ. "ಒಂದೇ ಮಗ್ಗುಲಿಗೆ ಮಸಿ. ಬೇಲಿ ಹಾಕೋಕೆ ಸೋಮಾರಿತನ, ಅಲ್ವಾ?" "ತಳ ಸೀದಿದೆ. ಒಲೆ ಮೇಲಿಟ್ಟು ಫೋಟೋ ತೆಗೆಯೋಕೆ ಹೋಗಿದ್ದೆ." "ಉಕ್ಕಿಸಿದೀಯ. ಪಾತ್ರೆಗೆ ಹೊಟ್ಟೆ ಇರೋದು ಇಷ್ಟೇ, ನಿನ್ನ ಹೊಟ್ಟೆ ನೋಡಿ ಅಕ್ಕಿ ಹಾಕಿದ್ರೆ ಹೇಗೆ?" ಅವರು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಗುಡ್ಡದ ಬುಡವನ್ನೂ ಮೆಟ್ಟದ ಮನುಷ್ಯ ಅವನು. ಮೊಣಕಾಲು ನೋವು, ಅದಕ್ಕಿಂತ ಹೆಚ್ಚಾಗಿ ಮಧ್ಯಾಹ್ನದ ನಿದ್ದೆ ಬಿಡಲಾರ. ಆದರೂ ಮೇಲೆ ನಡೆದದ್ದೆಲ್ಲ ಅವನಿಗೆ ಕೂತಲ್ಲೇ ಗೊತ್ತಾಗುತ್ತಿತ್ತು.

ಅವನಿಗೆ ಒಬ್ಬಳೇ ಮಗಳು, ನನ್ನ ಓರಗೆಯವಳು. ಎಡಗೈ ಮುಂದು ಮಾಡುವವಳಾದ್ದರಿಂದ ಅವಳು ಎಲ್ಲರ ಬಾಯಲ್ಲೂ 'ಎಡಚಿ'. ಶಾಲೆಯಲ್ಲಿ ಬಲಗೈಗೆ ಪೆನ್ಸಿಲು ಹಿಡಿಸಲು ನೋಡಿದಾಗ ಮಾವ ಹೋಗಿ, "ಎರಡೂ ಕೈ ನಾನೇ ಕೊಟ್ಟಿದ್ದು, ಯಾವುದ್ರಲ್ಲಾದ್ರೂ ಬರೀಲಿ ಬಿಡಿ" ಎಂದು ಹೇಳಿ ಬಂದಿದ್ದ. ಅಂಗಡಿಯಲ್ಲಿ ಕೂತು ಗುಡ್ಡದ ಕಥೆ ಕೇಳಿ ಕೇಳಿ ಅವಳಿಗೆ ಗುಡ್ಡದ ಹುಚ್ಚು ಹತ್ತಿತ್ತು. ಮಾವ ಮಲಗಿದ್ದಾಗ ಫ್ಯಾನು ತಿರುಗಿಸಿಕೊಂಡು ಒಲೆ ಹಚ್ಚಿ ಕಲಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಅವಳು ಕುದಿಸಿದ್ದನ್ನು ಕುಡಿಯುವ ಕೆಲಸ ವಹಿಸಿಕೊಂಡಿದ್ದೆ. "ನೀನು ದುಡಿಯೋಕೆ ಶುರು ಮಾಡು, ನಿನಗೊಂದು ಸಂಸಾರ ಮಾಡಿಕೊಡ್ತೀನಿ. ಯಾರಿಗೂ ಮಾಡಿಲ್ಲದಂಥದ್ದು" ಎಂದು ಮಾವ ಮಾತು ಕೊಟ್ಟಿದ್ದ.

ಅವಳು ಕನ್ನಡಕದಂಗಡಿಯಲ್ಲಿ ಕೆಲಸಕ್ಕೆ ಸೇರಿದ ವರ್ಷವೇ ಅದು ನಡೆಯಿತು.

ಒಂದು ಬೆಳಿಗ್ಗೆ ಅಂಗಡಿಗೆ ಒಬ್ಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಆದರೆ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದರು. ಕಂಕುಳಲ್ಲಿ ನಮ್ಮ ಅತ್ತೆ ಹೊಲಿದ ಚೀಲ. ಅದರೊಳಗಿನಿಂದ ತೊಳೆಯದ ಪಾತ್ರೆಯೊಂದನ್ನು ತೆಗೆದು ಮಾವನ ಮುಂದಿಟ್ಟರು. ಅವರ ಮಗ ಗುಡ್ಡಕ್ಕೆ ಹೋಗಿದ್ದ. ಬೆಳಿಗ್ಗೆ ನೀರು ತರಲು ಇಳಿದಾಗ ಕಾಲು ಜಾರಿತ್ತು. ಹುಡುಗ ಉಳಿಯಲಿಲ್ಲ. ಚೀಲವನ್ನು ಅವನ ಗೆಳೆಯರು ತಂದುಕೊಟ್ಟಿದ್ದರು.

ಮಾವ ಕೂತಲ್ಲಿಂದ ಎದ್ದು ನಿಂತ. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ಅತ್ತೆ ಮೆಟ್ಟಿಲಿಳಿದು ಬಂದಳು. ಅವರು ಜಗಳಕ್ಕೆ ಬಂದಿರಲಿಲ್ಲ. "ನೀವು ತೊಳೀದೆ ತರೋಕೆ ಹೇಳ್ತೀರಂತೆ. ಪಾತ್ರೆ ನೋಡಿ ಎಲ್ಲಾ ಹೇಳ್ತೀರಂತೆ" ಎಂದರು. "ಮನೇಲಿ ಒಂದು ಲೋಟ ನೀರು ಕಾಯಿಸಿದವನಲ್ಲ ಅವನು. ಅಲ್ಲಿ ಏನಾದ್ರೂ ಬೇಯಿಸ್ಕೊಂಡು ತಿಂದ್ನಾ, ಹಸ್ಕೊಂಡಿದ್ನಾ, ಅಷ್ಟು ಹೇಳಿದ್ರೆ ಸಾಕು."

ಮಾವ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಬೆಳಕಿಗೆ ಬಂದ. ಬಹಳ ಹೊತ್ತು ನೋಡಿದ. ಒಳಗೆ ಅಂಟಿದ್ದ ಅನ್ನದ ಅಗುಳನ್ನು ಬೆರಳಲ್ಲಿ ಮುಟ್ಟಿದ. "ಚೆನ್ನಾಗಿ ಮಾಡಿದಾನೆ" ಎಂದ. "ಮಸಿ ಸುತ್ತಲೂ ಸಮ ಹತ್ತಿದೆ ನೋಡಿ, ಬೇಲಿ ಸರಿಯಾಗಿ ನಿಲ್ಸಿದಾನೆ. ತಳ ಸೀದಿಲ್ಲ. ಅವಸರದ ಅಡಿಗೆ ಅಲ್ಲ ಇದು. ಚಮಚದ ಗೀರು ನೋಡಿ, ಕೊನೇ ಅಗುಳಿನವರೆಗೂ ಕೆರೆದು ತಿಂದಿದಾನೆ. ಬಿಸಿಬಿಸಿಯಾಗಿ, ಹೊಟ್ಟೆ ತುಂಬ ಉಂಡು ಮಲಗಿದಾನೆ ನಿಮ್ಮ ಮಗ."

ಅವರು ತಲೆಯಾಡಿಸಿದರು. ಪಾತ್ರೆಯನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಅವಚಿಕೊಂಡು ಹೋದರು. ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಮಾವ ಅವತ್ತು ಕೊಡತಿ ಮುಟ್ಟಲಿಲ್ಲ.

ಆಮೇಲೆ ಅಂಗಡಿಯೇನೋ ನಡೆಯಿತು. ಫ್ಯಾನಿನ ಮುಂದೆ ಹೊಸಬರನ್ನು ಇನ್ನೂ ಹೆಚ್ಚು ಹೊತ್ತು ನಿಲ್ಲಿಸುತ್ತಿದ್ದ, "ನೀರಿನ ಹತ್ರ ಹುಷಾರು" ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದ. ಆದರೆ ಮಗಳ ವಿಷಯಕ್ಕೆ ಬಂದರೆ ಕಲ್ಲು. ಅವಳು ಮೊದಲ ಸಂಬಳ ತಂದ ದಿನ, "ಅಪ್ಪ, ಈಗ ನನ್ನ ಸಂಸಾರ?" ಎಂದು ನಗುನಗುತ್ತ ಕೇಳಿದಳು.

"ನಿನಗೆ ಸಂಸಾರಾನೂ ಬೇಡ, ಗುಡ್ಡಾನೂ ಬೇಡ."

"ಮಾತು ಕೊಟ್ಟಿದ್ದೆ ನೀನು!"

"ಕೊಟ್ಟಿದ್ದೆ. ಈಗ ವಾಪಸ್ ತಗೊಂಡಿದೀನಿ. ಊಟ ಮಾಡು."

ಅತ್ತೆ ಸುಮ್ಮನಿರದೆ, "ಊರಿಗೆ ಉಪಕಾರಿ, ಮನೆಗೆ ಮಾರಿ. ಬೀದೀಲಿ ಹೋಗೋರ ಮಕ್ಕಳಿಗೆಲ್ಲ ಒಲೆ ಹಚ್ಚಿಕೊಡ್ತೀರಿ, ಹೆತ್ತ ಮಗಳಿಗೆ ಯಾಕಿಲ್ಲ?" ಎಂದು ಕೇಳಿದಳು. ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅವರ ಪಾತ್ರೆ ವಾಪಸ್ ಬರದಿದ್ರೆ ನನಗೆ ಒಂದು ದಿನ ಊಟ ಸೇರಲ್ಲ. ಇವಳದ್ದು ಬರದಿದ್ರೆ?" ಎಂದ.

ಎಡಚಿ ಸುಮ್ಮನಿರುವ ಪೈಕಿಯಲ್ಲ. ಕನ್ನಡಕದಂಗಡಿಯಲ್ಲಿ ಅವಳ ಜೊತೆ ಕೆಲಸ ಮಾಡುವ ಒಬ್ಬಳಿದ್ದಳು, ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ. ನಾವು 'ಉದ್ದಕ್ಕ' ಎನ್ನುತ್ತಿದ್ದೆವು. ಉದ್ದಕ್ಕ ಆಗಲೇ ಗುಡ್ಡ ಹತ್ತುವವಳು. ಅವಳು ಬಂದು, ಫ್ಯಾನಿನ ಪರೀಕ್ಷೆಯಲ್ಲಿ ಹೇಗೋ ಪಾಸಾಗಿ, ತನ್ನ ಹೆಸರಲ್ಲಿ ಒಂದು ಸಂಸಾರ ಕೊಂಡಳು. ಅಡಿಗೆ ಮಾಡುವವಳು ಮಾತ್ರ ಎಡಚಿ. ಮನೆಯಲ್ಲಿ ಹೇಳಿದ್ದು, "ಉದ್ದಕ್ಕನ ಮನೆಗೆ ಹೋಗ್ತೀನಿ, ಅವಳ ಅಮ್ಮನಿಗೆ ಮೈ ಹುಷಾರಿಲ್ಲ" ಎಂದು. ಪಾಪ, ಉದ್ದಕ್ಕನ ಅಮ್ಮ ಕಲ್ಲುಗುಂಡಿನ ಹಾಗಿದ್ದಳು. ನಮ್ಮಿಂದಾಗಿ ಆ ವರ್ಷವಿಡೀ ಆಕೆಗೆ ಒಂದಲ್ಲ ಒಂದು ಕಾಯಿಲೆ.

ಎಡಚಿಗೆ ಈ ಕಳ್ಳಾಟ ಹಿಡಿಸುತ್ತಿರಲಿಲ್ಲ. ಹೊರಡುವ ದಿನ ಅವಳು ಅಂಗಡಿಯ ಮುಂದೆ ಹಾಯುವಾಗ ಮಾವ ಯಾರೋ ಹೊಸಬನಿಗೆ, "ಹೋಗಿ ಬಾ, ನೀರಿನ ಹತ್ರ ಹುಷಾರು" ಎಂದು ಹೇಳುತ್ತಿದ್ದರೆ ಇವಳ ಮುಖ ಸಣ್ಣದಾಗುತ್ತಿತ್ತು. "ಊರಿಗೆಲ್ಲ ಸಿಗೋ ಆ ಒಂದು ಮಾತು ನನಗೆ ಸಿಗಲ್ವಲ್ಲೇ" ಎಂದು ಒಂದು ಸಲ ನನ್ನ ಹತ್ತಿರ ಅತ್ತಳು. ಗುಡ್ಡ ಹತ್ತುವುದು ಹೇಗಾದರೂ ಆಗುತ್ತಿತ್ತು. ಅಪ್ಪ ತಾನಾಗಿ ಕಳಿಸಿಕೊಡಬೇಕು ಎನ್ನುವುದೇ ಅವಳ ಆಸೆ. ಆದರೆ ಸುಳ್ಳು ಹೊರಬಿದ್ದರೆ ಅವನು ಇನ್ನೆಂದೂ ಕಳಿಸುವುದಿಲ್ಲ, ನಂಬುವುದೂ ಇಲ್ಲ. ಆ ಭಯದಲ್ಲಿ ಬಾಯಿಗೆ ಬೀಗ.

ಕಟ್ಟಳೆಯ ಪ್ರಕಾರ ಪಾತ್ರೆ ತೊಳೆಯದೆ ತರಬೇಕಲ್ಲ. ತೊಳೆದರೆ ಅನುಮಾನ. ಹಾಗಾಗಿ ಉದ್ದಕ್ಕ ಮಸಿ ಪಾತ್ರೆ ಹಿಡಿದುಕೊಂಡು ಬಂದು ಮಾವನ ಮುಂದೆ ನಿಂತಳು. ಎಡಚಿ ಮತ್ತು ನಾನು ಮಹಡಿಯ ಮೆಟ್ಟಿಲ ಮೇಲೆ ಕಿವಿಗೊಟ್ಟು ಕೂತಿದ್ದೆವು.

ಮಾವ ಪಾತ್ರೆ ತಿರುಗಿಸಿದ. ಇನ್ನೊಮ್ಮೆ ತಿರುಗಿಸಿದ. "ಅಡಿಗೆ ಮಾಡಿದ್ದು ಯಾರು?"

"ನಾನೇ ಮಾವ."

"ಒಳ್ಳೇ ಕೈ ಕಣಮ್ಮ. ಮಸಿ ನೋಡು, ಬಳಿದ ಹಾಗೆ ಸಮ ಕೂತಿದೆ. ಇಂಥ ಬೆಂಕಿ ಹಾಕೋರು ನೂರಕ್ಕೆ ಒಬ್ಬರು."

ಎಡಚಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಸುಕಿದಳೆಂದರೆ ನಾನು ಕೂಗಿಕೊಳ್ಳದೆ ಇದ್ದದ್ದೇ ಹೆಚ್ಚು. ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಅಪ್ಪ ಹೊಗಳುತ್ತಿದ್ದಾನೆ, ಆದರೆ ಇನ್ನೊಬ್ಬಳನ್ನು!

ಕೆಳಗೆ ಮಾವ ಇನ್ನೂ ಪಾತ್ರೆ ಹಿಡಿದುಕೊಂಡೇ ಇದ್ದ. "ಸುರಿಯೋವಾಗ ಮಾತ್ರ ಚೆಲ್ಲಿದೀಯ" ಎಂದು ಹೆಬ್ಬೆರಳಲ್ಲಿ ಯಾವುದೋ ಕಲೆಯನ್ನು ಉಜ್ಜಿದ. ಉದ್ದಕ್ಕ ಗಾಬರಿಯಲ್ಲಿ, "ಗಾಳಿ ಇತ್ತು ಮಾವ" ಎಂದಳು. "ಹೂಂ, ಗಾಳಿ" ಎಂದ ಮಾವ. ಅಷ್ಟಕ್ಕೆ ಮುಗಿಯಿತು.

ಹಾಗೆ ಇನ್ನೂ ಕೆಲವು ಸಲ ನಡೆಯಿತು. ಪ್ರತಿ ಸಲವೂ ಬೆಂಕಿಗೆ ಹೊಗಳಿಕೆ, ಚೆಲ್ಲಿದ್ದಕ್ಕೆ ಒಂದು ಹೂಂಕಾರ. ಒಂದು ಸಂಜೆ ಊಟಕ್ಕೆ ಕೂತಾಗ ಮಾವ ಇದ್ದಕ್ಕಿದ್ದ ಹಾಗೆ, "ಆ ಉದ್ದದ ಹುಡುಗಿಯ ಅಮ್ಮ ಹೇಗಿದಾರೆ?" ಎಂದು ಕೇಳಿದ. ಎಡಚಿ, "ಪರವಾಗಿಲ್ಲ" ಎಂದಳು. ಅವಳ ಜೊತೆಗೇ ನಾನು, "ಪಾಪ, ಹಾಸಿಗೆ ಬಿಟ್ಟೇ ಏಳ್ತಿಲ್ಲ" ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಮಾವ ನಮ್ಮಿಬ್ಬರ ಮುಖ ನೋಡಿ, ನೀರು ಕುಡಿದು ಎದ್ದುಹೋದ. ಮುಂದಿನ ಸಲ ಉದ್ದಕ್ಕ ಪಾತ್ರೆ ತಂದಾಗ, "ಹಿಡಿಯ ರಿವೆಟ್ ಸಡಿಲ ಆಗಿದೆ, ಬಿಟ್ಟು ಹೋಗು" ಎಂದು ಇಟ್ಟುಕೊಂಡ. ಕೆಲವು ದಿನ ಬಿಟ್ಟು ಚೀಲದಲ್ಲಿ ಹಾಕಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಅವಳಿಗೆ ಕೊಟ್ಟ.

ಅದರ ಮುಂದಿನ ಪ್ರಯಾಣಕ್ಕೆ ನಾನೂ ಹೋದೆ. ಎಡಚಿಯ ಕಾಟ ತಡೆಯಲಾರದೆ ಹೋದೆ ಎನ್ನಬೇಕು. ನನ್ನ ಜೀವಮಾನದಲ್ಲಿ ನಾನು ಹತ್ತಿದ ಗುಡ್ಡ ಅದೊಂದೇ, ಮತ್ತೆ ಹತ್ತುವ ಆಸೆಯೂ ಇಲ್ಲ. ಮಾವನ ಮೊಣಕಾಲೇ ನನಗೂ ಬಂದಿದೆ. ಕಾಲು ಬೊಬ್ಬೆ ಬಂದು, ಬೆವರು ಸುರಿದು, ಉದ್ದಕ್ಕನ ಒಂದು ಹೆಜ್ಜೆಗೆ ನನ್ನ ಮೂರು ಹೆಜ್ಜೆ ಹಾಕಿ ಮೇಲೆ ಮುಟ್ಟುವ ಹೊತ್ತಿಗೆ ನಾನು ಮಾತಾಡುವುದನ್ನೇ ನಿಲ್ಲಿಸಿದ್ದೆ. ನಾನು ಮಾತು ನಿಲ್ಲಿಸಿದೆ ಎಂದರೆ ಉಳಿದದ್ದು ನೀವೇ ಊಹಿಸಿ.

ಬಂಡೆಯೊಂದರ ಮರೆಯಲ್ಲಿ ಎಡಚಿ ಒಲೆ ಹೂಡಿದಳು. ಅವಳ ಕೈ ನೋಡುವುದೇ ಒಂದು ಸೊಗಸು. ಕಡ್ಡಿಗಳನ್ನು ಒಂದೊಂದಾಗಿ ಕೊಡುತ್ತ, ಬೇಲಿಯನ್ನು ಗಾಳಿ ತಿರುಗಿದ ಕಡೆಗೆ ತಿರುಗಿಸುತ್ತ ಚಹಾ ಕುದಿಸಿದಳು. ಉದ್ದಕ್ಕ ಲೋಟ ಹಿಡಿದುಕೊಂಡು, "ಸುರಿ, ಆದ್ರೆ ನನ್ನ ಕೈ ಮೇಲೆ ಬೇಡ" ಎಂದಳು. ಎಡಚಿ ಚಹಾ ಸುರಿದರೆ ಅರ್ಧ ಲೋಟಕ್ಕೆ, ಅರ್ಧ ಹಿಡಿದವರ ಬೆರಳಿಗೆ ಎನ್ನುವುದು ಅವರ ಗುಂಪಿನ ಹಳೇ ತಮಾಷೆಯಂತೆ.

ಎಡಚಿ ಎಡಗೈಯಲ್ಲಿ ಹಿಡಿ ಹಿಡಿದು ವಾಲಿಸಿದಳು. ಚಹಾ ದಾರದ ಹಾಗೆ ಇಳಿಯಿತು. ಒಂದು ಹನಿ ಆಚೆ ಹೋಗಲಿಲ್ಲ.

"ಅರೆ, ಇವತ್ತು ಚೆಲ್ಲಲೇ ಇಲ್ಲ!" ಎಂದಳು ಉದ್ದಕ್ಕ.

ಎಡಚಿ ಸುರಿಯುವುದನ್ನು ನಿಲ್ಲಿಸಿದಳು. ಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿದಳು. ನೆಗ್ಗು ಬಲಗಡೆ ಇತ್ತು. ಎಡಗಡೆ, ಅದು ಯಾವಾಗಲೂ ಇರುವ ಕಡೆ, ತಟ್ಟಿ ತಟ್ಟಿ ಸಮ ಮಾಡಿದ ಗುರುತು. ಕಾರ್ಖಾನೆಯಲ್ಲಿ ಕಲಿತ ಕೈ ಅಲ್ಲವೇ. ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು ನುಣ್ಣಗೆ ತೆಗೆದಿದ್ದ. ಅವಳ ಹೆಬ್ಬೆರಳು ಆ ಜಾಗದ ಮೇಲೆ ಹೋಗಿ ಬಂದು ಹೋಗಿ ಬಂದು ನಿಂತಿತು.

ನನಗೆ ಆಗ ಹೊಳೆಯಿತು. ಬಲಗೈಯವರಿಗೆ ಹೊಡೆದ ನೆಗ್ಗು ಎಡಗೈಗೆ ಉಲ್ಟಾ. ಇವಳು ಸುರಿದಾಗಲೆಲ್ಲ ಚಹಾ ನೆಗ್ಗಿಲ್ಲದ ಕಡೆಯಿಂದ ಬಂದು ಪಾತ್ರೆಯ ಹೊಟ್ಟೆಯ ಮೇಲೆ ಹರಿದು ಕಲೆಯಾಗಿ ಕೂತಿತ್ತು. ಉದ್ದಕ್ಕ ಬಲಗೈಯವಳು. ಅಂಥ ಪಾತ್ರೆಯನ್ನು ನಾವು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ತೊಳೆಯದೆ, ಮತ್ತೆ ಮತ್ತೆ ಒಯ್ದು ಅವನ ಕೈಗೇ ಕೊಟ್ಟಿದ್ದೆವು. ಊರಲ್ಲಿ ಯಾರ ಪಾತ್ರೆ ಬೇಕಾದರೂ ಓದುವವನು ಮಗಳ ಕೈಯನ್ನು ಓದದೆ ಇರುತ್ತಾನೆಯೇ?

"ಅಪ್ಪನಿಗೆ ಗೊತ್ತು" ಎಂದಳು ಎಡಚಿ. ಬಂಡೆಗೆ ಒರಗಿ ಕೂತುಬಿಟ್ಟಳು. "ಮೊದಲನೇ ಸಲದಿಂದಲೂ ಗೊತ್ತು." ಚಹಾ ಆರಿಹೋಯಿತು, ಅವಳು ಕುಡಿಯಲಿಲ್ಲ.

ಊರಿಗೆ ಬಂದು ಬಸ್ಸಿಳಿದಾಗ ಉದ್ದಕ್ಕ ಎಂದಿನಂತೆ ಚೀಲಕ್ಕೆ ಕೈ ಚಾಚಿದಳು. ಎಡಚಿ ಕೊಡಲಿಲ್ಲ. ರಸ್ತೆ ದಾಟಿ, ಧೂಳು ಹಿಡಿದ ಬೂಟಿನಲ್ಲೇ ನೆಟ್ಟಗೆ ಅಂಗಡಿಯೊಳಗೆ ಹೋದಳು. ನಾನು ಕುಂಟುತ್ತ ಹಿಂದೆ ಹೋದೆ. ಮಾವ ಒಂದು ಮುಚ್ಚಳದ ಅಂಚು ಮಡಿಸುತ್ತಿದ್ದ. ಅವಳು ಪಾತ್ರೆಯನ್ನು ಅವನ ಮುಂದೆ ಇಟ್ಟಳು, ತೊಳೆಯದೆ.

ಮಾವ ಕೊಡತಿ ಕೆಳಗಿಟ್ಟ. ಪಾತ್ರೆಯನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದ. ಒಂದು ಸುತ್ತು ತಿರುಗಿಸಿದ. ಚಹಾ ಹರಿಯುತ್ತಿದ್ದ ಜಾಗವನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿದ.

"ಈ ಸಲ ಚೆಲ್ಲಿಲ್ಲ" ಎಂದ.

"ಇಲ್ಲಪ್ಪ."

"ಬೆಂಕಿ ಚೆನ್ನಾಗಿ ಹಾಕಿದೀಯ."

"ನೀನೇ ಕಲಿಸಿದ್ದು."

"ನಾನೆಲ್ಲಿ ಕಲಿಸ್ದೆ? ನಾನು ಮಲಗಿದ್ದಾಗ ಫ್ಯಾನು ತಿರುಗೋ ಸದ್ದು ಕೇಳ್ತಿತ್ತು, ಅಷ್ಟೇ."

ಎಡಚಿ ಅವನ ಮುಂದೆ ನೆಲದ ಮೇಲೆ ಕೂತಳು. ಮಾವ ಪಾತ್ರೆಯಿಂದ ಕಣ್ಣು ತೆಗೆಯದೆ ಮಾತಾಡಿದ. "ಇನ್ನು ಮೇಲೆ ಹೇಳಿ ಹೋಗು. ಬೇಡ ಅಂತೀನಿ, ಅಂದ್ರೂ ಹೇಳಿ ಹೋಗು. ನೀನು ಹೇಳ್ದೆ ಹೋದ್ರೆ ಯಾವಾಗ ಬರ್ತೀಯ ಅಂತ ನಾನು ಯಾರನ್ನ ಕೇಳ್ಲಿ? ಗೊತ್ತಿಲ್ಲದವನ ಹಾಗೆ ಕೂತ್ಕೊಂಡು, ಒಂದೊಂದು ಬಸ್ಸು ಬಂದಾಗಲೂ ಬಾಗಿಲು ನೋಡ್ಕೊಂಡು..." ಎಡಚಿ ಅವನ ಮೊಣಕಾಲಿಗೆ ಹಣೆ ಇಟ್ಟು ಜೋರಾಗಿ ಅತ್ತಳು. ನನಗೂ ಅಳು ಬಂತು, ಸ್ವಲ್ಪ ಅವರಿಬ್ಬರನ್ನು ನೋಡಿ, ಸ್ವಲ್ಪ ಕಾಲಿನ ಬೊಬ್ಬೆಗೆ.

ಆಮೇಲೆ ಅವಳು ಎಷ್ಟು ಗುಡ್ಡ ಹತ್ತಿದಳೋ ಲೆಕ್ಕವಿಲ್ಲ. ಪ್ರತಿ ಸಲವೂ ಮಾವ ಮೊದಲು "ಬೇಡ" ಎನ್ನುವುದು, ಆಮೇಲೆ ಚೀಲವನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿ, "ಹೋಗಿ ಬಾ, ನೀರಿನ ಹತ್ರ ಹುಷಾರು" ಎನ್ನುವುದು. ಅಂಗಡಿಗೆ ಹೊಸಬರು ಬಂದರೆ ದುಡ್ಡು, ಹೆಸರು ಯಾವುದನ್ನೂ ಕೇಳುವ ಮೊದಲು, "ಯಾವ ಕೈ?" ಎಂದು ಕೇಳುತ್ತಿದ್ದ.

ಆದರೆ ಇವತ್ತಿಗೂ ನನ್ನ ಕಣ್ಣ ಮುಂದೆ ನಿಲ್ಲುವುದು ಆ ಸಂಜೆಯ ಕೊನೆ. ಮಹಡಿಯಿಂದ ಅತ್ತೆ, "ಅತ್ತಿದ್ದು ಸಾಕು, ಆ ಮಸಿ ಪಾತ್ರೆ ಯಾರು ತೊಳೀತೀರಿ?" ಎಂದು ಕೂಗಿದಳು. ಎಡಚಿ ಏಳಲು ಹೋದಳು. ಮಾವ ಅವಳ ಹೆಗಲು ಒತ್ತಿ ಕೂರಿಸಿ, ಪಾತ್ರೆ 'ಹಾಗೇ' ಇರಬೇಕೆಂದು ಇಡೀ ಊರಿಗೆ ಹೇಳುತ್ತಿದ್ದವನು, ತೋಳು ಮಡಿಸಿಕೊಂಡು ನಲ್ಲಿಯ ಹತ್ತಿರ ಹೋಗಿ ಅದನ್ನು ತಾನೇ ತೊಳೆದ.